ಒಂದೇ ಸಿನಿಮಾ, ಎರಡು ಸದ್ದು: ಹೋಲಿಸುವ ಮೊದಲು ವಾಲ್ಯೂಮ್ ಸಮ ಮಾಡಿ

ಸಂಪಾದಕರೇ,

ಸೌಂಡ್‌ಬಾರ್, ರಿಸೀವರ್ (ಸ್ಪೀಕರ್‌ಗಳಿಗೆ ಸದ್ದು ಹಂಚುವ ಪೆಟ್ಟಿಗೆ) ಬಗ್ಗೆ ಬರೆಯುವವರೆಲ್ಲ ಎಷ್ಟು ವ್ಯಾಟ್, ಎಷ್ಟು ಚಾನೆಲ್ ಅಂತ ಹೇಳುತ್ತಾರೆ. ಮನೆಯಲ್ಲಿ ದಿನಾ ಕಾಡುವ ತೊಂದರೆಯೇ ಬೇರೆ. ಸದ್ದು ತುಂಬಿಡುವ ಒಂದು ಫಾರ್ಮ್ಯಾಟ್‌ನಿಂದ ಇನ್ನೊಂದಕ್ಕೆ ಹೋದ ಕೂಡಲೇ ಸದ್ದು ಏರುಪೇರಾಗುತ್ತದೆ ಅಲ್ವಾ, ಅದರ ಬಗ್ಗೆ ಈ ಪತ್ರ.

ರಾತ್ರಿ 11 ಗಂಟೆ, ಮಗು ಆಗಷ್ಟೇ ಮಲಗಿದೆ. 5.1, ಅಂದರೆ ಆರು ಚಾನೆಲ್‌ನ ಸಿನಿಮಾ ಹಾಕುತ್ತೇವೆ, ಮಾತು ಪಿಸುಪಿಸು ಅನ್ನುತ್ತದೆ, ವಾಲ್ಯೂಮ್ ಏರಿಸುತ್ತೇವೆ. ಸಿನಿಮಾ ಮುಗಿಸಿ ಒಂದು ಸ್ಟೀರಿಯೊ ವಿಡಿಯೊ ಒತ್ತಿದರೆ ಕಿಟಕಿ ಗಾಜು ಅದುರುತ್ತದೆ, ಮಗು ಎದ್ದು ಕೂರುತ್ತದೆ. ಇದು ಸ್ಪೀಕರ್ ತಪ್ಪಲ್ಲ. ಯೂಟ್ಯೂಬ್ ಜೋರಾದ ವಿಡಿಯೊಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಇಳಿಸಿ ಕೇಳಿಸುತ್ತದೆ (ಎಲ್‌ಯುಎಫ್‌ಎಸ್ ಅಂದರೆ ಸದ್ದಿನ ಜೋರು ಅಳೆಯುವ ಮಾನ, ಮೈನಸ್ ಮುಂದಿನ ಸಂಖ್ಯೆ ಹೆಚ್ಚಾದಷ್ಟೂ ಸದ್ದು ಕಡಿಮೆ). ನೆಟ್‌ಫ್ಲಿಕ್ಸ್ ತನಗೆ ಬರುವ ಸಿನಿಮಾಗಳಲ್ಲಿ ಮಾತಿನ ಮಟ್ಟ ಮೈನಸ್ 27ರ ಆಸುಪಾಸು ಇರಬೇಕು ಅನ್ನುತ್ತದೆ. ಅಳೆಯುವ ರೀತಿ ಪೂರ್ತಿ ಒಂದೇ ಅಲ್ಲ, ಆದರೂ ಮಾತು ಯಾಕೆ ಅಷ್ಟು ಕೆಳಗೆ ಕೇಳಿಸುತ್ತದೆ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಆದರೆ ನಾನು ಪೆನ್ನು ಹಿಡಿದದ್ದು ಇನ್ನೊಂದು ಮಾತಿಗೆ. ಡಾಲ್ಬಿ, ಡಿಟಿಎಸ್ ಎರಡೂ ಸಿನಿಮಾ ಸದ್ದಿನ ಫಾರ್ಮ್ಯಾಟ್‌ಗಳು. ಡಾಲ್ಬಿಗಿಂತ ಡಿಟಿಎಸ್ ಚೆನ್ನಾಗಿದೆ, ಬೇಸ್ ತುಂಬಿ ಬರುತ್ತದೆ, ಮಾತು ಸ್ಪಷ್ಟ ಅಂತ ಡಿವಿಡಿ ಕಾಲದಿಂದ ಕೇಳುತ್ತಾ ಬಂದಿದ್ದೇನೆ. ನಾನೂ ವರ್ಷಗಟ್ಟಲೆ ಹಾಗೇ ಹೇಳಿದವನು. ಡಾಲ್ಬಿ ಡಿಜಿಟಲ್ ಟ್ರ್ಯಾಕ್ ಒಳಗೆ ಡಯಲ್‌ನಾರ್ಮ್ ಅನ್ನುವ ಒಂದು ಸಂಖ್ಯೆ ಇರುತ್ತದೆ, ಮಾತು ಎಷ್ಟು ಜೋರಾಗಿದೆ ಅಂತ ಅದು ರಿಸೀವರ್‌ಗೆ ತಿಳಿಸುತ್ತದೆ. ಮಾತನ್ನು ಮೈನಸ್ 31ರ ಮಟ್ಟಕ್ಕೆ ತರುವುದು ರಿಸೀವರ್ ಕೆಲಸ, ಹಾಗಾಗಿ ಸಂಖ್ಯೆ ಮೈನಸ್ 31 ಅಂತಿದ್ದರೆ ಅದು ಏನೂ ಮಾಡುವುದಿಲ್ಲ. ಸಿನಿಮಾಗಳಲ್ಲಿ ಸಾಮಾನ್ಯವಾಗಿ ಕಾಣುವ ಮೈನಸ್ 27 ಇದ್ದರೆ ಇಡೀ ಟ್ರ್ಯಾಕನ್ನು 4 ಡೆಸಿಬಲ್ ಇಳಿಸುತ್ತದೆ. ಅದೇ ಡಿಸ್ಕಿನ ಡಿಟಿಎಸ್ ಟ್ರ್ಯಾಕ್‌ಗೆ ಆಗೆಲ್ಲ ಸಾಮಾನ್ಯವಾಗಿ ಈ ಇಳಿಕೆ ಇರುತ್ತಿರಲಿಲ್ಲ. ಹಾಗಾಗಿ ವಾಲ್ಯೂಮ್ ಮುಟ್ಟದೇ ಟ್ರ್ಯಾಕ್ ಬದಲಿಸಿದರೆ ಡಿಟಿಎಸ್ 4 ಡೆಸಿಬಲ್ ಜೋರು. ನಮ್ಮ ಕಿವಿಗೆ ಸ್ವಲ್ಪ ಜೋರಾದದ್ದು ಜೋರು ಅನ್ನಿಸುವುದಿಲ್ಲ, ಚೆನ್ನಾಗಿದೆ ಅನ್ನಿಸುತ್ತದೆ.

ನಂಬಿಕೆ ಬರದೆ ಒಂದು ದಿನ ಕೂತು ಅಳೆದೆ. ಕೂರುವ ಜಾಗದಲ್ಲೇ ಕಿವಿಯ ಎತ್ತರಕ್ಕೆ ಸ್ಟ್ಯಾಂಡ್ ಇಟ್ಟು, ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ತೆರೆದೆ. ಇಬ್ಬರು ಮೇಜಿನ ಎದುರು ಕೂತು ಮಾತಾಡುವ ಒಂದೇ ನಿಮಿಷದ ದೃಶ್ಯ, ಹಿನ್ನೆಲೆ ಸಂಗೀತ ಇಲ್ಲ. ಡಾಲ್ಬಿಯಲ್ಲಿ 62 ಡೆಸಿಬಲ್, ಡಿಟಿಎಸ್‌ನಲ್ಲಿ 66. ಮೂರು ಸಲ ನೋಡಿದೆ, ಮೂರು ಸಲವೂ ಅಷ್ಟೇ ಬಂತು. ಆಮೇಲೆ ಡಿಟಿಎಸ್ ಬಂದಾಗ ವಾಲ್ಯೂಮ್ 4 ಡೆಸಿಬಲ್ ಇಳಿಸಿ, ಟ್ರ್ಯಾಕ್ ಬದಲಿಸುವ ಕೆಲಸ ಮನೆಯವರಿಗೆ ಕೊಟ್ಟು ಕಣ್ಣು ಮುಚ್ಚಿ ಕೂತೆ. ಯಾವುದು ಯಾವುದು ಅಂತ ಹೇಳಲು ನನಗೆ ಆಗಲಿಲ್ಲ.

ಹೋಲಿಸಿ ನೋಡುವವರು ಹೀಗೆ ಸದ್ದು ಸಮ ಮಾಡಿಕೊಳ್ಳುವುದನ್ನು ಖಂಡಿತ ಮಾಡಬೇಕು. ಹೋಲಿಸುವಾಗ ನೈಟ್ ಮೋಡ್, ಡೈನಾಮಿಕ್ ರೇಂಜ್ ಕಂಟ್ರೋಲ್ (ಜೋರು ಸದ್ದು, ಮೆಲ್ಲಗಿನ ಸದ್ದಿನ ಅಂತರ ಕುಗ್ಗಿಸುವ ಸೆಟ್ಟಿಂಗ್) ಎರಡೂ ಆಫ್ ಇರಲಿ, ಇಲ್ಲದಿದ್ದರೆ ಒಂದು ಟ್ರ್ಯಾಕ್ ಮಾತ್ರ ಹಿಂಡಿದ ಹಾಗೆ ಕೇಳಿಸಬಹುದು. (ಮಗು ಮಲಗಿದ ಮೇಲೆ ಧಾರಾಳವಾಗಿ ಆನ್ ಮಾಡಿಕೊಳ್ಳಿ, ಅದು ಇರುವುದೇ ಅದಕ್ಕೆ.) ರಿಸೀವರ್ ಜೊತೆ ಬರುವ ಮೈಕ್ ಇಟ್ಟು ಆಟೋ ಸೆಟಪ್ ಮಾಡಿದ್ದೇನಲ್ಲ ಅನ್ನುವವರಿದ್ದಾರೆ. ಅದು ಸ್ಪೀಕರ್‌ಗಳ ನಡುವೆ ಸದ್ದು ಸಮ ಮಾಡುತ್ತದೆ, ಫಾರ್ಮ್ಯಾಟ್‌ಗಳ ನಡುವೆ ಅಲ್ಲ. ಮೆನುವಿನಲ್ಲಿ ಸಿಗುವ ಸೋರ್ಸ್ ಲೆವೆಲ್ ಕೂಡ ಇನ್‌ಪುಟ್‌ಗೆ ಒಂದೇ. ಸೆಟ್‌ಟಾಪ್ ಬಾಕ್ಸ್ ಜೋರು, ಡಿಸ್ಕ್ ಪ್ಲೇಯರ್ ಕಡಿಮೆ ಅಂತಿದ್ದರೆ ಅದರಿಂದ ಸರಿಯಾಗುತ್ತದೆ. ಒಂದೇ ಪ್ಲೇಯರ್‌ನಿಂದ ನಾಲ್ಕು ಫಾರ್ಮ್ಯಾಟ್ ಬರುವಾಗ ಅದು ಸಾಲುವುದಿಲ್ಲ.

ಇಲ್ಲೇ ನನಗೆ ಬೇಸರ. ಟಿವಿ ಲೋಕ ಇದನ್ನು ಯಾವತ್ತೋ ಗಂಭೀರವಾಗಿ ತೆಗೆದುಕೊಂಡಿತು. ಯುರೋಪಿನ ಪ್ರಸಾರಕರ ಒಕ್ಕೂಟ 2010ರಲ್ಲೇ ಮೈನಸ್ 23 ಎಲ್‌ಯುಎಫ್‌ಎಸ್ ಅನ್ನುವ ಒಂದು ಅಳತೆ ಕೊಟ್ಟಿತು. ಅದೇ ವರ್ಷ ಅಮೆರಿಕ, ಜಾಹೀರಾತು ಕಾರ್ಯಕ್ರಮಕ್ಕಿಂತ ಜೋರಾಗಿರಬಾರದು ಅಂತ ಕಾನೂನೇ ಮಾಡಿತು. ಮನೆಯ ರಿಸೀವರ್‌ಗಳಲ್ಲಿ ಕೆಲವು ಮಾತ್ರ ಸಿನಿಮಾ ಶುರುವಾದಾಗ ಡಯಲ್‌ನಾರ್ಮ್ ಎಷ್ಟು ಅಂತ ಎರಡು ಸೆಕೆಂಡ್ ತೋರಿಸಿ ಸುಮ್ಮನಾಗುತ್ತವೆ. ರಿಮೋಟ್ ಹುಡುಕುವಷ್ಟರಲ್ಲಿ ಅದು ಮಾಯ. ತಯಾರಕರು ಆ ಸಂಖ್ಯೆಯನ್ನು ವಾಲ್ಯೂಮ್ ಪಕ್ಕದಲ್ಲೇ ಇಡಲಿ. ಡಾಲ್ಬಿಗೆ ಇಷ್ಟು, ಡಿಟಿಎಸ್‌ಗೆ ಇಷ್ಟು, ಪಿಸಿಎಂಗೆ (ಹಿಂಡದೆ ನೇರವಾಗಿ ಬರುವ ಡಿಜಿಟಲ್ ಸದ್ದು) ಇಷ್ಟು ಅಂತ ಫಾರ್ಮ್ಯಾಟ್‌ಗೊಂದು ಲೆವೆಲ್ ಕೂರಿಸಿ ಮರೆತುಬಿಡುವ ಹಾಗೆ ಮೆನುವಿನಲ್ಲಿ ನಾಲ್ಕು ಸಾಲು ಸೇರಿಸಲಿ. ವಿಮರ್ಶೆ ಬರೆಯುವವರೂ ಸದ್ದು ಸಮ ಮಾಡಿ ಕೇಳಿದೆವೋ ಇಲ್ಲವೋ ಅನ್ನುವುದನ್ನು ಒಂದು ಸಾಲಿನಲ್ಲಿ ತಿಳಿಸಲಿ.

ಇತಿ,
ನಿಮ್ಮ ಓದುಗ