ಹೊನ್ನಮ್ಮನ ಮೇಲೆ ನಿನಗೆ ಬಂದ ಸಿಟ್ಟು

ಮಂಡ್ಯ

ಪ್ರೀತಿಯ ಪುಟ್ಟಿ,

ಹೊನ್ನಮ್ಮ ಬರೆದ ‘ಹದಿಬದೆಯ ಧರ್ಮ’, ಅದೇ ಪತಿವ್ರತೆಯ ಧರ್ಮ ಹೇಳೋ ಪುಸ್ತಕ, ಒಂಚೂರೂ ಇಷ್ಟ ಆಗ್ಲಿಲ್ಲಮ್ಮ, ಹಾಗಂದಿದ್ದಕ್ಕೆ ಕ್ಲಾಸಿನಲ್ಲಿ ಎಲ್ಲರೂ ನನ್ನನ್ನೇ ನೋಡಿದರು ಅಂತ ನಿನ್ನೆ ಫೋನಿನಲ್ಲಿ ಹೇಳಿದೆ. ನಿನ್ನ ಗಂಟಲು ಕಟ್ಟಿತ್ತು. ಆಗ ಒಲೆ ಮೇಲೆ ಹಾಲಿತ್ತು, ಸರಿಯಾಗಿ ಮಾತಾಡೋಕೆ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೈಸ್ಕೂಲಿನಲ್ಲಿ ‘ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು ಕಣ್ಣು ಕಾಣದ ಗಾವಿಲರು’ ಅನ್ನೋ ಅವಳ ಸಾಲನ್ನು ಗೋಡೆಗೆ ಅಂಟಿಸಿಕೊಂಡಿದ್ದೆ, ಅಲ್ವಾ? ಹೆಣ್ಣು ಹೆಣ್ಣು ಅಂತ ಯಾಕೆ ಹೀಗಳೆಯುತ್ತಾರೆ ಈ ಕಣ್ಣು ಕಾಣದ ದಡ್ಡರು ಅಂತ. ಈಗ ಪೂರ್ತಿ ಪುಸ್ತಕ ತೆಗೆದರೆ ಗಂಡನ ಸೇವೆ, ಅತ್ತೆ ಮಾವನ ಸೇವೆ. ಮೋಸ ಹೋದ ಹಾಗೆ ಅನ್ನಿಸದೆ ಇರುತ್ತದಾ? ಆ ನಾಲ್ಕು ಸಾಲು ಮಾತ್ರ ಕಿತ್ತು ಕೊಟ್ಟೆವು, ಉಳಿದದ್ದನ್ನು ಹೇಳಲಿಲ್ಲ. ಅದು ದೊಡ್ಡವರ ತಪ್ಪು.

ನಾನೂ ಡಿಗ್ರಿಯಲ್ಲಿ ಇದನ್ನೇ ಓದಿದ್ದು. ಓದುವಾಗೆಲ್ಲ ನಿಮ್ಮಜ್ಜಿ ಕಣ್ಣ ಮುಂದೆ ಬರುತ್ತಿದ್ದಳು. ಎಲ್ಲರದೂ ಊಟ ಆದಮೇಲೆ ಒಲೆ ಪಕ್ಕ ಕುಕ್ಕರುಗಾಲಲ್ಲಿ ಕೂತು, ತಣ್ಣಗಾದ ಮುದ್ದೆಯನ್ನು ಪಾತ್ರೆ ತಳದ ಉಪ್ಸಾರಿಗೆ ಅದ್ದಿ ನುಂಗುತ್ತಿದ್ದಳು. ಕೆಲವು ದಿನ ಅರ್ಧ ಮುದ್ದೆ. ಅವಳಿಗೆ ಓದು ಬರುತ್ತಿರಲಿಲ್ಲ, ಆದರೂ ಆ ಪುಸ್ತಕ ಹೇಳಿದ್ದೆಲ್ಲ ಮಾಡಿದ್ದಳು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಪರೀಕ್ಷೆಯಲ್ಲಿ ಮಾತ್ರ ಗೈಡಿನಲ್ಲಿದ್ದ ಹೊಗಳಿಕೆಯನ್ನು ಬಾಯಿಪಾಠ ಮಾಡಿ ಬರೆದೆ. ಒಳ್ಳೆ ಅಂಕ ಬಂತು. ಅದು ಇವತ್ತಿಗೂ ಚುಚ್ಚುತ್ತದೆ. ನೀನು ಹಾಗೆ ಮಾಡಬೇಡ.

ಹೊನ್ನಮ್ಮ ದೂರದವಳಲ್ಲ, ಯಳಂದೂರಿನವಳು. ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರಲ್ಲ, ಅವರ ಅರಮನೆಯಲ್ಲಿ ಎಲೆ ಅಡಿಕೆ ಸಂಚಿ ಹಿಡಿಯುವ ಊಳಿಗ. ಅದಕ್ಕೇ ಸಂಚಿಯ ಹೊನ್ನಮ್ಮ. ಅಂಥ ಕಡೆ ನಿಂತುಕೊಂಡು ಅವಳು ಎಷ್ಟು ಹೇಳಬಹುದಿತ್ತು ಅಂತ ನಾನು ಆಗ ಯೋಚಿಸಿಯೇ ಇರಲಿಲ್ಲ. ‘ಕುವರಿಯಾದೊಡೆ ಕುಂದೇನು’ ಅಂತ ಕೇಳಿದ್ದೂ ಅದೇ ಪುಸ್ತಕದಲ್ಲಿ. ಆ ಪುಸ್ತಕ ಇರೋದು ಸಾಂಗತ್ಯ ಅನ್ನೋ ಪದ್ಯದ ಧಾಟಿಯಲ್ಲಿ. ಸಾಂಗತ್ಯ ಸುಮ್ನೆ ಕಣ್ಣಲ್ಲಿ ಓದೋದಲ್ಲ, ಹಾಡೋದು. ರೂಮಿನ ಬಾಗಿಲು ಹಾಕಿಕೊಂಡು ಜೋರಾಗಿ ಹೇಳಿ ನೋಡು. ಆ ಸಾಲಿಗೆ ಬಂದಾಗ ನನ್ನ ದನಿ ತಾನಾಗಿ ಏರುತ್ತದೆ.

ಇಷ್ಟಾದರೂ ನನಗೆ ಆ ಪುಸ್ತಕ ಇಷ್ಟವಿಲ್ಲ. ಹೊನ್ನಮ್ಮ ಇಷ್ಟ. ನಿನಗೆ ಎರಡೂ ಇಷ್ಟವಾಗದಿದ್ದರೆ ಅದೂ ಸರಿಯೇ. ಎಲ್ಲೆಲ್ಲಿ ಸಿಟ್ಟು ಬಂತೋ ಆ ಪದ್ಯದ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕು. ಸೆಮಿನಾರಿನಲ್ಲಿ ಅದನ್ನೇ ಓದಿ, ಯಾಕೆ ಅಂತ ಹೇಳು.

ಭಾನುವಾರ ಮೈಸೂರಿನಿಂದ ಬರುವಾಗ ಪುಸ್ತಕ ತಗೊಂಡು ಬಾ. ಅಜ್ಜಿಗೆ ಓದಿ ಹೇಳೋಣ. ಅವಳು ಏನಂತಾಳೆ ಅಂತ ಇಷ್ಟು ವರ್ಷ ನಾನು ಕೇಳಿಯೇ ಇಲ್ಲ.

ನಿನ್ನ
ಅಮ್ಮ