ಉಂಡದ್ದು ಇಳಿಯುತ್ತಾ ಎಂದೂ ಕೇಳಿ

ಮಾನ್ಯ ಸಂಪಾದಕರೇ,

ನಮ್ಮ ಅತ್ತೆಗೆ ಹಳೆಯ ಸಕ್ಕರೆ ಕಾಯಿಲೆ. ಮಧ್ಯಾಹ್ನ ಉಂಡ ಅನ್ನ, ಹುಳಿ ಸಂಜೆಯಾದರೂ ಹೊಟ್ಟೆಯಲ್ಲೇ ಕೂತಿರುತ್ತದೆ. ಗ್ಯಾಸ್ ಎಂದು ಸುಮ್ನೆ ಓಮದ ನೀರು ಕೊಡುವವರೇ ಜಾಸ್ತಿ. ಆದರೆ ಸಕ್ಕರೆಯಿಂದ ವೇಗಸ್ ನರ (ಹೊಟ್ಟೆಯನ್ನು ಆಡಿಸುವ ನರ) ಹಾಳಾದಾಗಲೂ ಹೊಟ್ಟೆ ಖಾಲಿಯಾಗುವುದು ತಡವಾಗುತ್ತದೆ. ಊಟಕ್ಕೆ ಮುಂಚೆ ಚುಚ್ಚಿಕೊಂಡ ಇನ್ಸುಲಿನ್ ಕೆಲಸ ಶುರು ಮಾಡಿರುತ್ತದೆ, ಅನ್ನ ಇನ್ನೂ ಕೆಳಗಿಳಿದಿರುವುದಿಲ್ಲ. ಸಕ್ಕರೆ ದಿಢೀರನೆ ಇಳಿದು ಕೈ ನಡುಗುತ್ತದೆ, ಮೈ ಬೆವರುತ್ತದೆ. ಅಪಾಯ ಅಲ್ವಾ?

ರಕ್ತದಲ್ಲಿರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನದೂ ಇದೇ ಕಥೆ. ಊಟವಾಗಿ 3-4 ಗಂಟೆಗೆ ಅದು ಏರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಬೇಗ ಇಳಿಯುವುದಿಲ್ಲ. ಖಾಲಿ ಹೊಟ್ಟೆಯ ರಿಪೋರ್ಟ್ ಮಾಮೂಲಿ ಮಿತಿಯಾದ 150ರೊಳಗಿದ್ದರೂ (mg/dL) ಈ ಏರಿಕೆ ಅದರಲ್ಲಿ ಕಾಣುವುದಿಲ್ಲ.

ಮುಂಬೈ ಕಡೆಯ ಕನ್ನಡ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಬರೀ ಬೆರಳು ಚುಚ್ಚಿ ಕಳಿಸಬೇಡಿ. ‘ಉಂಡದ್ದು ಇಳಿಯುತ್ತಾ ಅಮ್ಮ?’ ಎಂದು ಕನ್ನಡದಲ್ಲಿ ಕೇಳುವ ವೈದ್ಯರನ್ನೂ ಕೂರಿಸಿ.

– ಒಬ್ಬ ಗೃಹಿಣಿ, ಡೊಂಬಿವಲಿ ಪೂರ್ವ