ಎಂಜಿನ್ ಓಡುತ್ತಿರುವಾಗಲೇ ಸೊನ್ನೆ ತೋರಿಸುವ ಫ್ಯೂಯಲ್ ಫ್ಲೋ ಸೆನ್ಸರ್ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವೆ ಮತ್ತು ತಾಂತ್ರಿಕ ವಿಭಾಗ

ವಿಷಯ: ಫ್ಯೂಯಲ್ ಫ್ಲೋ ಸೆನ್ಸರಿನ ರೀಡಿಂಗ್ ಆಗಾಗ ಕಡಿದುಹೋಗುತ್ತಿರುವುದು, ಮತ್ತು ಮಾನಿಟರ್ ಅದನ್ನು ತಪ್ಪು ಅಂತ ಗುರುತಿಸದಿರುವುದು

ಮಾನ್ಯರೇ,

ನಾನೇ ಕಟ್ಟಿದ ಎರಡು ಸೀಟಿನ ವಿಮಾನಕ್ಕೆ ನಿಮ್ಮ ಎಂಜಿನ್ ಮಾನಿಟರನ್ನೂ ಅದರ ಜೊತೆ ಬರುವ ಫ್ಯೂಯಲ್ ಫ್ಲೋ ಸೆನ್ಸರನ್ನೂ ಹಾಕಿದ್ದೇನೆ. ಇಂಧನ ಹರಿದಂತೆ ಸೆನ್ಸರಿನೊಳಗಿನ ಪುಟ್ಟ ಚಕ್ರ ತಿರುಗಿ ಪಲ್ಸ್ (ವಿದ್ಯುತ್ತಿನ ಸಣ್ಣ ಮಿಡಿತ) ಕಳಿಸುತ್ತದೆ, ಮಾನಿಟರ್ ಅದನ್ನು ಎಣಿಸಿ ಹರಿವು ತೋರಿಸುತ್ತದೆ. ಕ್ರೂಸ್‌ನಲ್ಲಿ, ಅಂದರೆ ಮೇಲೇರಿದ ಮೇಲೆ ಒಂದೇ ಸಮನೆ ಹಾರುವಾಗ, ಗಂಟೆಗೆ 34 ಲೀಟರ್ ಆಸುಪಾಸು ಇರಬೇಕಾದ ರೀಡಿಂಗ್ ಇದ್ದಕ್ಕಿದ್ದಂತೆ 20ಕ್ಕೆ ಇಳಿಯುತ್ತದೆ, ಅಲ್ಲಿಂದ ಸೊನ್ನೆಗೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ 34ಕ್ಕೆ ವಾಪಸ್ ಬರುತ್ತದೆ. ಎಂಜಿನ್ ಮಾತ್ರ ಒಂದು ಸಲವೂ ತಡವರಿಸಿಲ್ಲ. ಇಂಧನದ ಪ್ರೆಷರ್ ಸರಿ ಇರುತ್ತದೆ, ಆರ್‌ಪಿಎಂ ಅಲುಗುವುದಿಲ್ಲ, ನಾಲ್ಕೂ ಸಿಲಿಂಡರಿನ ಎಕ್ಸಾಸ್ಟ್ ಬಿಸಿ ಇದ್ದಲ್ಲೇ ಇರುತ್ತದೆ. ಅಂದರೆ ಇಂಧನ ಹರಿಯುತ್ತಲೇ ಇದೆ, ಲೆಕ್ಕ ಮಾತ್ರ ನಿಂತುಹೋಗುತ್ತಿದೆ.

ಇದನ್ನು ಬರೆದು ಕಳಿಸಿದಾಗ ವೈರಿಂಗ್ ಮತ್ತು ಫಿಟ್ಟಿಂಗ್ ನೋಡಿಕೊಳ್ಳಿ ಅಂತ ಎರಡು ಸಾಲಿನ ಉತ್ತರ ಕೊಟ್ಟಿರಿ. ಮತ್ತೆ ವಿವರವಾಗಿ ಬರೆದರೂ ಅದೇ ಎರಡು ಸಾಲು ಬಂತು. ಹಾಗಾಗಿ ನಾನು ಏನೇನು ನೋಡಿದೆ ಅನ್ನೋದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಈ ಸೆನ್ಸರಿನ ಒಳಗೆ ಏನಿದೆ ಅಂತ ಗೊತ್ತಿರುವವರೇ ಇದನ್ನು ಓದಬೇಕು ಅಂತ ನನ್ನ ಕೋರಿಕೆ.

ಮೊದಲು ಫಿಟ್ಟಿಂಗ್. ಸೆನ್ಸರ್ ಇರುವುದು ಎಂಜಿನ್ ಪಂಪ್ ಮತ್ತು ಕಾರ್ಬ್ಯುರೇಟರ್ ನಡುವೆ. ಗಾಳಿಗುಳ್ಳೆ ಒಳಗೆ ನಿಲ್ಲದ ಹಾಗೆ ಅದನ್ನು ಮಟ್ಟಸವಾಗಿ, ವೈರ್‌ಗಳು ಮೇಲ್ಮುಖವಾಗಿ ಇರುವಂತೆ ಕೂರಿಸಿದ್ದೇನೆ. ಹಿಂದೆ ಮುಂದೆ ನೇರವಾದ ಪೈಪ್ ಇದೆ, ಹತ್ತಿರದಲ್ಲಿ ಎಲ್ಬೋ (ಪೈಪಿನ ತಿರುವು) ಇಲ್ಲ. ಫಿಲ್ಟರ್ ಸೆನ್ಸರಿಗಿಂತ ಮೊದಲೇ ಬರುತ್ತದೆ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿಲ್ಲ, ಅದರ ಒಂದು ಎಳೆ ಒಳಗೆ ಹೋದರೂ ಚಕ್ರ ಸಿಕ್ಕಿಕೊಳ್ಳುತ್ತದೆ ಅಂತ ಗೊತ್ತಿದೆ. ಪೈಪಿಗೂ ಸೆನ್ಸರಿಗೂ ಬೆಂಕಿ ತಡೆಯುವ ಹೊದಿಕೆ ಹಾಕಿದೆ.

ಬಿಸಿಗೆ ಇಂಧನ ಆವಿಯಾಗಿ ಗುಳ್ಳೆ ಬರುತ್ತಿರಬಹುದು ಅಂತ ನೀವು ಹೇಳಬಹುದು. ಗುಳ್ಳೆ ಬಂದರೆ ರೀಡಿಂಗ್ ಮೇಲಕ್ಕೂ ಕೆಳಕ್ಕೂ ಹಾರಾಡುತ್ತದೆ, ಬೂಸ್ಟ್ ಪಂಪ್ (ಎಂಜಿನ್ ಪಂಪಿಗೆ ನೆರವಾಗುವ ವಿದ್ಯುತ್ ಪಂಪ್) ಹಾಕಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಇಲ್ಲಿ ಎರಡೂ ಆಗಲಿಲ್ಲ. ಬೆಳಗಿನ ತಣ್ಣನೆ ಎಂಜಿನ್ನಲ್ಲಿ, ನೆಲದ ಮೇಲೆ ನಿಂತಿರುವಾಗಲೂ ಇದೇ ತೊಂದರೆ ಬಂದಿದೆ.

ಇನ್ನು ವಿದ್ಯುತ್ ಗಲಾಟೆ, ಅಂದರೆ ಬೇರೆ ಉಪಕರಣಗಳ ವಿದ್ಯುತ್ ಅಡಚಣೆ ಸೆನ್ಸರಿನ ಸಿಗ್ನಲ್ಲಿಗೆ ಸೇರಿಕೊಳ್ಳುವುದು. ಸ್ಟ್ರೋಬ್, ರೇಡಿಯೋ, ಆಲ್ಟರ್ನೇಟರ್ ಒಂದೊಂದಾಗಿ ಆಫ್ ಮಾಡಿ ನೋಡಿದೆ. ನೆಲದ ಮೇಲೆ ಮ್ಯಾಗ್ನೆಟೋಗಳನ್ನೂ (ಎಂಜಿನ್ನಿಗೆ ಕಿಡಿ ಕೊಡುವ ಸಾಧನ) ಒಂದೊಂದಾಗಿ ಪರೀಕ್ಷಿಸಿದೆ. ಯಾವ ವ್ಯತ್ಯಾಸವೂ ಕಾಣಲಿಲ್ಲ. ಅಷ್ಟಕ್ಕೂ ಇಂಥ ಗಲಾಟೆಯಿಂದ ಇಲ್ಲದ ಪಲ್ಸ್ ಸೇರಿಕೊಂಡು ರೀಡಿಂಗ್ ಏರುವುದೇ ಜಾಸ್ತಿ, ಅಲ್ವಾ? ವೈರಿನ ಮೇಲಿನ ಶೀಲ್ಡನ್ನು (ಗಲಾಟೆ ತಡೆಯುವ ಲೋಹದ ಹೊದಿಕೆ) ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿದ್ದೇನೆ. ಕನೆಕ್ಟರಿನ ಪಿನ್‌ಗಳನ್ನು ಹೊಸದಾಗಿ ಕ್ರಿಂಪ್ ಮಾಡಿದ್ದೇನೆ. ರೀಡಿಂಗ್ ಸೊನ್ನೆ ಆಗಿರುವಾಗಲೂ ಸೆನ್ಸರಿಗೆ ಹೋಗುವ ಪವರ್ ಮತ್ತು ಗ್ರೌಂಡ್ ಎರಡೂ ಗಟ್ಟಿಯಾಗಿವೆ. ಸಿಗ್ನಲ್ ವೈರ್ ಮಾತ್ರ ಸತ್ತಿರುತ್ತದೆ.

ಕೊನೆಗೆ ನಿಜ ಗೊತ್ತಾಗಿದ್ದು ಕ್ಯಾನ್ ಪರೀಕ್ಷೆಯಿಂದ. ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಓದಿ. ಬಯಲಲ್ಲಿ, ವಿಮಾನಕ್ಕೂ ಕ್ಯಾನಿಗೂ ಅರ್ಥಿಂಗ್ ಕೊಟ್ಟು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ಕಾರ್ಬ್ಯುರೇಟರಿನ ಬಳಿ ಪೈಪ್ ಬಿಚ್ಚಿ ಅಳತೆಯ ಕ್ಯಾನಿಗೆ ಇಳಿಬಿಟ್ಟೆ. ಎಂಜಿನ್ ಆಫ್, ಬೂಸ್ಟ್ ಪಂಪ್ ಮಾತ್ರ ಆನ್. ಸಿಗ್ನಲ್ ವೈರಿನಿಂದ ತಂತಿ ಎಳೆದು, ದೂರದಲ್ಲಿಟ್ಟ ಮೀಟರಿನಲ್ಲಿ ಪಲ್ಸ್ ನೋಡಿದೆ. ನಿಮ್ಮ ಸೆನ್ಸರಿನ ಚೀಟಿಯಲ್ಲಿ ಲೀಟರಿಗೆ 15,000 ಪಲ್ಸ್ ಅಂತಿದೆ. ಗಂಟೆಗೆ 30 ಲೀಟರ್ ಹರಿದರೆ ಸೆಕೆಂಡಿಗೆ 125 ಪಲ್ಸ್ ಬರಬೇಕು. ವೈರನ್ನು ಮುಟ್ಟದಿದ್ದಾಗ ಮೀಟರ್ ಮತ್ತು ಕ್ಯಾನ್ ಎರಡರ ಲೆಕ್ಕವೂ ತಾಳೆಯಾಯಿತು. ಸೆನ್ಸರಿನ ಮೇಲ್ಭಾಗದಲ್ಲಿ ವೈರ್‌ಗಳು ಹೊರಬರುವ ಜಾಗವಿದೆಯಲ್ಲ, ಅಲ್ಲಿ ಸಿಗ್ನಲ್ ವೈರನ್ನು ಬೆರಳಿಂದ ಒಂದಿಷ್ಟು ಬಾಗಿಸಿದ ತಕ್ಷಣ ಪಲ್ಸ್ ಸೊನ್ನೆ. ಕ್ಯಾನ್ ಮಾತ್ರ ತುಂಬುತ್ತಲೇ ಇತ್ತು. ಬಿಟ್ಟರೆ ಪಲ್ಸ್ ವಾಪಸ್, ಬಾಗಿಸಿದರೆ ಮತ್ತೆ ಮಾಯ. ಅಲ್ಲಿಂದ ಒಂದು ಗೇಣು ಆಚೆ ಅದೇ ವೈರನ್ನು ಎಷ್ಟು ಅಲುಗಿಸಿದರೂ ಏನೂ ಆಗಲಿಲ್ಲ.

ಆ ಜಾಗ ಇರುವುದು ನೀವು ಅಂಟು ತುಂಬಿ ಮುಚ್ಚಿದ ಭಾಗದ ಬಾಯಲ್ಲಿ. ಅದರೊಳಗೆ ನನ್ನ ಕೈ ಹೋಗುವುದಿಲ್ಲ, ಹೋಗಲೂಬಾರದು. ಇಷ್ಟಾದ ಮೇಲೆ ಗೆಳೆಯರ ವಿಮಾನದಿಂದ ಇದೇ ಮಾದರಿಯ ಸೆನ್ಸರ್ ತಂದು ಅದೇ ಪೈಪಿಗೆ, ಅದೇ ವೈರಿಗೆ ಕೂರಿಸಿದೆ. ರೀಡಿಂಗ್ ಒಂದು ಸಲವೂ ಕಡಿದುಹೋಗಲಿಲ್ಲ. ಇನ್ನೂ ನನ್ನ ವೈರಿಂಗ್ ಸರಿ ಇಲ್ಲ ಅಂತೀರಾ?

ಆದರೆ ಸೆನ್ಸರ್ ಬದಲಾಯಿಸಿಕೊಡಿ ಅಂತ ಕೇಳುವುದಕ್ಕಷ್ಟೇ ಈ ಪತ್ರ ಬರೆಯುತ್ತಿಲ್ಲ. ವೈರ್ ಯಾರ ಕೈಯಲ್ಲೂ ಕಡಿಯಬಹುದು. ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ನಿಮ್ಮ ಮಾನಿಟರ್ ನಡೆದುಕೊಳ್ಳುವ ರೀತಿ.

ಪಲ್ಸ್ ನಿಂತಾಗ ನಿಮ್ಮ ಟೋಟಲೈಜರ್, ಅಂದರೆ ಖರ್ಚಾದ ಇಂಧನವನ್ನು ಕೂಡಿಸುತ್ತಾ ಹೋಗುವ ಮಾನಿಟರಿನ ಭಾಗ, ಇಂಧನ ಖರ್ಚಾಗುತ್ತಿಲ್ಲ ಅಂತಲೇ ಲೆಕ್ಕ ಹಾಕುತ್ತದೆ. ಎರಡು ಗಂಟೆಯ ಹಾರಾಟದಲ್ಲಿ ಬಿಟ್ಟು ಬಿಟ್ಟು ಒಟ್ಟು ಅರ್ಧ ಗಂಟೆ ಸಿಗ್ನಲ್ ಇಲ್ಲದಿದ್ದರೆ, ಗಂಟೆಗೆ 34 ಲೀಟರ್‌ನಂತೆ 17 ಲೀಟರ್ ಲೆಕ್ಕದಿಂದ ತಪ್ಪಿಹೋಗುತ್ತದೆ. ಆ 17 ಲೀಟರನ್ನು ಸ್ಕ್ರೀನ್ ಇನ್ನೂ ಟ್ಯಾಂಕಿನಲ್ಲಿದೆ ಅಂತ ತೋರಿಸುತ್ತದೆ. ಹಗಲಿನ ಹಾರಾಟಕ್ಕೆ ಅಂತ ಉಳಿಸಿಕೊಳ್ಳುವ 30 ನಿಮಿಷದ ರಿಸರ್ವ್ ಪೂರ್ತಿ ಅದೇ. ಪಲ್ಸ್ ಜಾಸ್ತಿ ಬಂದಿದ್ದರೆ ಪೈಲಟ್ ಬೇಗ ಇಳಿಯುತ್ತಿದ್ದ, ಅಷ್ಟೇ. ಕಮ್ಮಿ ಬಂದರೆ ಇಲ್ಲದ ಇಂಧನವನ್ನು ನಂಬಿ ಮುಂದಕ್ಕೆ ಹೋಗುತ್ತಾನೆ. ಹೀಗೆ ಪಲ್ಸ್ ಕಡಿದುಹೋದಾಗ ಲೆಕ್ಕ ತಪ್ಪುವುದು ಯಾವಾಗಲೂ ಅಪಾಯದ ಕಡೆಗೇ.

ನಾನು ಹೊರಡುವ ಮುಂಚೆ ಕಡ್ಡಿ ಇಳಿಸಿ ಟ್ಯಾಂಕ್ ಅಳೆಯುತ್ತೇನೆ, ಗಡಿಯಾರ ನೋಡಿಕೊಂಡು ಹಾರುತ್ತೇನೆ. ಹಾಗಾಗಿ ವ್ಯತ್ಯಾಸ ಕಣ್ಣಿಗೆ ಬಿತ್ತು. ಆದರೆ ನೀವು ಈ ಮಾನಿಟರನ್ನು ಮಾರುವುದೇ ಉಳಿದ ಇಂಧನವನ್ನು ಕರಾರುವಾಕ್ಕಾಗಿ ತೋರಿಸುತ್ತದೆ ಅಂತ. ಅದನ್ನು ನಂಬುವ ಪೈಲಟ್ ಏನು ಮಾಡಬೇಕು?

ಇದಕ್ಕೆ ಹೊಸ ಸಾಧನವೇನೂ ಬೇಕಿಲ್ಲ. ಅದೇ ಮಾನಿಟರಿಗೆ ಆರ್‌ಪಿಎಂ ಗೊತ್ತು, ಎಕ್ಸಾಸ್ಟ್ ಬಿಸಿ ಗೊತ್ತು, ಇಂಧನದ ಪ್ರೆಷರ್ ಗೊತ್ತು. 2,400 ಆರ್‌ಪಿಎಂನಲ್ಲಿ ಎಂಜಿನ್ ಸರಾಗವಾಗಿ ಓಡುತ್ತಿರುವಾಗ ಇಂಧನದ ಹರಿವು ಸೊನ್ನೆ ಆಗಲು ಸಾಧ್ಯವೇ ಇಲ್ಲ. ಆ ಹೊತ್ತಿಗೆ ಅಂಕಿಯ ಮೇಲೆ ಕೆಂಪು ಅಡ್ಡಗೆರೆ ಎಳೆದು, ಉಳಿದ ಇಂಧನದ ಲೆಕ್ಕ ನಂಬಬೇಡಿ ಅಂತ ಎಚ್ಚರಿಸಬೇಕು. ಈಗ ಅದು ಸುಮ್ನೆ ಸೊನ್ನೆ ತೋರಿಸಿ, ಆಮೇಲೆ ಏನೂ ಆಗದವರ ಹಾಗೆ 34ಕ್ಕೆ ಬರುತ್ತದೆ. ನಡುವೆ ಲೆಕ್ಕ ತಪ್ಪಿತ್ತು ಅನ್ನುವ ಗುರುತೂ ಉಳಿಯುವುದಿಲ್ಲ.

ಆದ್ದರಿಂದ ಈ ಸೆನ್ಸರನ್ನು ಬದಲಾಯಿಸಿಕೊಡಿ, ಹಳೆಯದನ್ನು ತೆರೆದು ನೋಡಿ ಕಾರಣವನ್ನು ಬರಹದಲ್ಲಿ ತಿಳಿಸಿ. ಅದೇ ಬ್ಯಾಚಿನಲ್ಲಿ ತಯಾರಾದ ಬೇರೆ ಸೆನ್ಸರ್‌ಗಳಲ್ಲೂ ವೈರ್ ಹೀಗೇ ಕೂತಿದ್ದರೆ, ಅವನ್ನು ಕೊಂಡವರಿಗೆಲ್ಲ ಎಚ್ಚರಿಕೆ ಕಳಿಸಿ. ಅವರು ಗಾಳಿಯಲ್ಲಿದ್ದಾಗ ಗೊತ್ತಾಗುವುದು ಬೇಡ. ಸಾಫ್ಟ್‌ವೇರಿನ ಎಚ್ಚರಿಕೆಯನ್ನು ಯಾವಾಗ ಸೇರಿಸುತ್ತೀರಿ, ಸೇರಿಸುವುದಿಲ್ಲವಾದರೆ ಯಾಕೆ ಅನ್ನೋದಕ್ಕೂ ಉತ್ತರ ಬೇಕು.

ಸೆನ್ಸರನ್ನು ವೈರ್ ಕತ್ತರಿಸದೆ, ಕನೆಕ್ಟರ್ ಸಮೇತ ಈ ಪತ್ರದ ಜೊತೆ ಕಳಿಸಿದ್ದೇನೆ. ಬಾಗಿಸಿದಾಗ ಪಲ್ಸ್ ನಿಲ್ಲುವ ಜಾಗಕ್ಕೆ ಬಿಳಿ ಬಣ್ಣದ ಗುರುತು ಹಾಕಿದೆ. ಪರೀಕ್ಷಿಸುವಾಗ ಕಂಪ್ರೆಸರ್ ಗಾಳಿ ಬಿಡಬೇಡಿ, ಚಕ್ರ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾದರೆ ಸಾಕ್ಷಿಯೂ ಹೋಗುತ್ತದೆ. ದ್ರವ ಹರಿಸಿ, ವೈರನ್ನು ಅಲ್ಲೇ ಬಾಗಿಸಿ ನೋಡಿ.

ಇಂತಿ,
ನಿಮ್ಮ ಗ್ರಾಹಕ